ಕೆಳಮನೆಗೆ ಬಂದ ವೈಫೈ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ಅತ್ತಿಗೆ ಮಾಡುವ ಆಶೀರ್ವಾದಗಳು. ಮಗಳ ಮನೆಯಲ್ಲಿ ನಿನಗೆ ಕೈತುಂಬ ಕೆಲಸವಿರಬೇಕು, ಬಿಡುವಾದಾಗ ಓದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುನಡುವೆ ‘ಸರಿ ಅತ್ತಿಗೆ, ಸರಿ ಅತ್ತಿಗೆ’ ಅನ್ನುತ್ತಿದ್ದರೆ ಅರ್ಧ ಮಾತು ನನ್ನ ಗಂಟಲಲ್ಲೇ ಉಳಿಯುತ್ತದೆ.

ಮಹಡಿಯ ಮೇಲೆ ನಿನ್ನ ಮನೆಯಲ್ಲಿದ್ದ ಹಳೆಯ ವೈಫೈ ಡಬ್ಬಿ ತೆಗೆಸಿ ಹೊಸ ರೂಟರ್ ಹಾಕಿಸಿದೆ. ಅದೀಗ ಕೆಳಗೆ ನಮ್ಮ ಹಾಲ್‌ನಲ್ಲಿ, ನಿನ್ನಣ್ಣನ ಕುರ್ಚಿಯ ಹಿಂದಿನ ಗೋಡೆಯಲ್ಲಿದೆ. ಹಾಕಲು ಬಂದವನು ಮೆಟ್ಟಿಲ ತಿರುವಿನಲ್ಲಿಟ್ಟರೆ ಎರಡು ಮನೆಗೂ ಚೆನ್ನಾಗಿ ಸಿಗುತ್ತದೆ ಎಂದ. ನಾನು ಒಪ್ಪಲಿಲ್ಲ. ಇಷ್ಟು ವರ್ಷ ಕೆಳಗಿನವರು ಪರದೆಯ ಮೇಲೆ ಚಕ್ರ ತಿರುಗುವುದನ್ನೇ ಸಿನಿಮಾ ಅಂತ ನೋಡಿದ್ದೇವೆ, ಇನ್ನು ಮೇಲಿನವರೂ ಸ್ವಲ್ಪ ನೋಡಲಿ ಎಂದೆ. ಅವನು ನಕ್ಕ. ತಮಾಷೆ ಅಂದುಕೊಂಡ.

ಕೆಳಗೆ ಸಿಗ್ನಲ್ ಇಲ್ಲವೆಂದೇ ಅಲ್ಲವೇ ನಿನ್ನಣ್ಣ ದಿನಾ ಸಂಜೆ ಅಂಗಡಿಯಿಂದ ಬಂದವರೇ ಧಾರಾವಾಹಿ ನೋಡಲು ಮೆಟ್ಟಿಲು ಹತ್ತುತ್ತಿದ್ದದ್ದು? ನಾನು ಕೆಳಗೆ ಬಟ್ಟೆ ಮಡಿಸುತ್ತಾ ನಿಮ್ಮಿಬ್ಬರ ನಗು ಕೇಳಿಸಿಕೊಳ್ಳುತ್ತಿದ್ದೆ. ಯಾವುದಕ್ಕೆ ಎಂದು ಒಮ್ಮೆ ವಿಚಾರಿಸಿದೆ. ಮೊದಲಿನಿಂದ ನೋಡದೆ ನಿನಗೆ ತಲೆಬುಡ ತಿಳಿಯೋದಿಲ್ಲ ಬಿಡು ಅಂದರು. ಮರುದಿನ ಗಡ್ಡ ಹೆರೆದುಕೊಳ್ಳುವಾಗ ಅದನ್ನೇ ನೆನೆಸಿಕೊಂಡು ಕನ್ನಡಿ ಮುಂದೆ ಒಬ್ಬರೇ ನಕ್ಕರು.

ರೂಟರ್‌ನವನು ನಮ್ಮ ಟಿವಿಯನ್ನೂ ಜೋಡಿಸಿದ. ನಿನ್ನಣ್ಣನ ಖಾತೆಯೇ ತೆರೆದುಕೊಂಡಿತು. ಎಲ್ಲಕ್ಕಿಂತ ಮೇಲೆ ನಿಮ್ಮ ಧಾರಾವಾಹಿ, ಚಿತ್ರದ ಕೆಳಗೆ, ನೀವು ನೋಡಿದ ಅರ್ಧದವರೆಗೆ, ಕೆಂಪು ಗೆರೆ. ಅವರು ತೀರಿಕೊಂಡಮೇಲೆ ನೀನೂ ಮುಂದಕ್ಕೆ ನೋಡಿಲ್ಲವೆಂದು ಆಗ ತಿಳಿಯಿತು. ನೀವಿಬ್ಬರೂ ಕೊನೆಯ ಸಲ ಕೂತ ಸಂಜೆ ಅಲ್ಲೇ ನಿಂತಿತ್ತು. ನನಗೆ ಅಂಥ ಗುರುತು ಎಲ್ಲೂ ಇಲ್ಲ, ಪುಟ್ಟಿ. ಅವರ ಅಂಗಿಗಳನ್ನೆಲ್ಲ ಒಗೆದುಬಿಟ್ಟಿದ್ದೇನೆ.

ನಾನು ಮೊದಲ ಕಂತಿನಿಂದ ಹಾಕಿದೆ. ಎಲ್ಲೂ ತಡೆಯದೆ ನೀರು ಹರಿದಂತೆ ಓಡಿತು. ಆ ಮರೆಗುಳಿ ಅಂಚೆಯವನು ತನ್ನ ಮನೆಯ ಬಾಗಿಲನ್ನೇ ತಟ್ಟಿ, ಮನೆಯವರಿದ್ದಾರಾ ಅಂತ ಹೆಂಡತಿಯನ್ನೇ ಕೇಳುತ್ತಾನಲ್ಲ, ಅಲ್ಲಿ ನನಗೂ ನಗು ಬಂತು. ಇದಕ್ಕೇ ಇರಬೇಕು ಅಂದುಕೊಂಡೆ. ನೋಡಿ ಮುಗಿಸುವಷ್ಟರಲ್ಲಿ ಕೆಂಪು ಗೆರೆ ನನ್ನ ಕಂತಿಗೆ ಬಂದಿತ್ತು. ನಿಮ್ಮದು ಅಳಿಸಿಹೋಗಿದೆ. ಎಷ್ಟನೆಯ ಕಂತು, ಎಲ್ಲಿ ನಿಂತಿತ್ತು, ನಾನು ನೋಡಿಕೊಂಡಿರಲಿಲ್ಲ. ಈ ಯಂತ್ರಗಳ ವಿಷಯ ನನಗೇನು ಗೊತ್ತಾಗಬೇಕು? ಬೇಸರ ಮಾಡಿಕೊಳ್ಳಬೇಡ.

ಇಂತಿ,
ನಿನ್ನ ಅತ್ತಿಗೆ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ಮೊದಲಿನಿಂದ ಹಾಕಿದರೆ ಹಳೆಯ ಗುರುತು ಹೋಗುತ್ತದೆ ಎಂದು ರೂಟರ್‌ನವನು ಹೇಳಿಯೇ ಹೋಗಿದ್ದ. ಅವರು ಎದ್ದುಬಂದ ಜಾಗ ಈಗ ನಿನಗೊಬ್ಬಳಿಗೇ ಗೊತ್ತು. ಬಂದಾಗ ತೋರಿಸಿದರೆ ಅಲ್ಲಿಂದ ಮುಂದಕ್ಕೆ ಇಬ್ಬರೂ ಕೂತು ನೋಡೋಣ. ತೋರಿಸಲು ಮನಸ್ಸು ಬಾರದಿದ್ದರೆ ಬಲವಂತವಿಲ್ಲ. ನಾನಾಗಿದ್ದರೆ ತೋರಿಸುತ್ತಿರಲಿಲ್ಲ.