ಹವಳದ ದಿಬ್ಬದ ಹಲಗೆ

ದೋಣಿಕಟ್ಟೆಯ ಹಿಂದಿನ ಕೋಣೆ,
ಹನ್ನೆರಡನೆಯ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ಈಗಲಾದರೂ ಹೇಳಿದ ಮಾತು ಕೇಳುತ್ತಿದೆಯೇ, ಇಲ್ಲ ನಿನ್ನ ಹಾಗೆಯೇ ಹಟ ಹಿಡಿದಿದೆಯೇ? ನಿನ್ನನ್ನು ಮಹಡಿ ಹತ್ತಿಸಬೇಡಿ ಅಂತ ಭಾವನಿಗೆ ನಾನು ಹೇಳಿದೆನೆಂದು ಹೇಳು. ನನಗೇನೂ ಆಗಿಲ್ಲ, ಸುಸ್ತು ಅಷ್ಟೇ. ಮಲಗಿ ಎದ್ದರೂ ಹೋಗದ ಸುಸ್ತು.

ನೀನು ಹತ್ತೊಂಬತ್ತು ವರ್ಷ ಮಾಡಿ ನನಗೆ ಬಿಟ್ಟುಕೊಟ್ಟ ಕೆಲಸವನ್ನು ಹೇಗೋ ಎಳೆದುಕೊಂಡು ಹೋಗುತ್ತಿದ್ದೇನೆ. ಬೆಳಗಾಗುತ್ತಲೇ ಹಗ್ಗ ಹಿಡಿದು ದಿಬ್ಬದ ಅಂಚಿಗೆ ಇಳಿಯುವುದು, ಮೆತ್ತನೆಯ ಹವಳದ ಕುಚ್ಚುಗಳು ಯಾವ ಕಡೆ ವಾಲಿವೆ ಎಂದು ನೋಡಿ ನೀರಿನ ಸೆಳೆತ ತಿಳಿಯುವುದು, ಮೇಲೆ ಬಂದು ಒದ್ದೆ ಕೈಯಲ್ಲೇ ಹಲಗೆ ಬರೆಯುವುದು: ಉಬ್ಬರ ಎಷ್ಟು ಹೊತ್ತಿಗೆ, ಸೆಳೆತ ಇದೆಯೋ ಇಲ್ಲವೋ, ನೀರು ಎಷ್ಟು ತಿಳಿ, ನೋಡಲು ಬಂದವರಿಗೆ ಇವತ್ತು ಏನೇನು ಕಾಣಬಹುದು. ಕಾಣುವುದೇ ಕಡಿಮೆಯಾಗಿದೆ, ಅಕ್ಕಾ. ಗಿಳಿಮೀನುಗಳು ಅಷ್ಟಿಷ್ಟು ಇವೆ, ಆಮೆ ಬಂದು ತಿಂಗಳಾಯಿತು, ಲೋಳೆಮೀನುಗಳಿಗೆ ಮಾತ್ರ ಬರವಿಲ್ಲ. ನೀರು ಬಿಸಿಯಾಗಿ, ನೀನು ‘ಅಜ್ಜಿ’ ಅನ್ನುತ್ತಿದ್ದ ದೊಡ್ಡ ಹವಳ ಪೂರ್ತಿ ಬೆಳ್ಳಗಾಗಿದೆ. ಜನ ಅದರ ಮುಂದೆಯೇ ಫೋಟೋ ತೆಗೆಸಿಕೊಂಡು, "ಅಬ್ಬಾ, ಹಾಲಿನ ಹಾಗಿದೆಯಲ್ರೀ!" ಅನ್ನುತ್ತಾರೆ. ಅದು ಸಾಯುತ್ತಿದೆ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಈಗ ಸುಮ್ಮನೆ ತಲೆಯಾಡಿಸುತ್ತೇನೆ.

ಶುಕ್ರವಾರ ದೊಡ್ಡ ಅನಾಹುತವೊಂದು ಸ್ವಲ್ಪದರಲ್ಲೇ ತಪ್ಪಿತು. ನಮ್ಮ ದೋಣಿ ನಡೆಸುವ ತುತ್ತೂರಿ (ಅವನ ಗಂಟಲು ನಿನಗೆ ಅಲ್ಲಿಗೂ ಕೇಳಿಸುತ್ತಿರಬೇಕು) ಐದು ಜನರನ್ನು ನೀರಿಗಿಳಿಸಿದ್ದ. ಅವರಲ್ಲಿ ಒಬ್ಬ ವಯಸ್ಸಾದ ಟೀಚರಮ್ಮನನ್ನು ಸೆಳೆತ ದಿಬ್ಬದಾಚೆಗೆ ಎಳೆದೊಯ್ದಿತು. ಇವನು ಹಿಂದೆಮುಂದೆ ನೋಡದೆ ಹಾರಿ, ದಿಬ್ಬಕ್ಕೆ ಕಚ್ಚಿಕೊಂಡ ಜೀವಂತ ಮುಳ್ಳುಚೆಂಡುಗಳ ಮೇಲೆಯೇ ಕಾಲೂರಿ, ಅವರನ್ನು ಹೊತ್ತು ತಂದ. ಅವರು ಹುಷಾರಾಗಿ ಮನೆಗೆ ಹೋದರು, ಇವನು ಪಾದ ಊದಿಸಿಕೊಂಡು ಮನೆಯಲ್ಲಿ ಬಿದ್ದಿದ್ದಾನೆ. ಅಷ್ಟು ಮಾಡಿದವನ ಲೈಸೆನ್ಸನ್ನೇ ಬಂದರು ಆಫೀಸಿನವರು ಕಿತ್ತುಕೊಂಡಿದ್ದಾರೆ. ಹಲಗೆಯಲ್ಲಿ ‘ಸೆಳೆತ ಇಲ್ಲ’ ಎಂದಿತ್ತು, ಹಾಗಾದರೆ ಇವನೇ ತಪ್ಪು ಜಾಗದಲ್ಲಿ ಇಳಿಸಿರಬೇಕು ಎನ್ನುತ್ತಾರೆ. ಆ ಪೆದ್ದ, "ಅಕ್ಕನ ಕಾಲದಿಂದ ಆ ಹಲಗೆ ಸುಳ್ಳು ಹೇಳಿಲ್ಲ ಸಾರ್, ನಾನೇ ಎಲ್ಲೋ ಎಡವಿದೀನಿ" ಅಂತ ಕುಂಟುತ್ತಲೇ ಹೋಗಿ ಒಪ್ಪಿಕೊಂಡು ಬಂದಿದ್ದಾನೆ. ನಾಳೆ ಹತ್ತು ಗಂಟೆಗೆ ವಿಚಾರಣೆ. ಅವನಿಗೆ ಬೇರೆ ಕಸುಬು ಬಾರದು, ಹೆಂಡತಿಗೆ ಈಗ ಏಳು ತಿಂಗಳು.

ಕಾಗದ ಉದ್ದವಾಯಿತು. ಭಾವನಿಗೆ ನಮಸ್ಕಾರ, ಮಗಳಿಗೆ ಮುದ್ದು. ಮಾತ್ರೆ ತಪ್ಪಿಸಬೇಡ, ನನ್ನಾಣೆ.

ನಿನ್ನ ತಮ್ಮ

ತಾ.ಕ.: ಬರೆಯಲು ಕೂತದ್ದೇ ಇದಕ್ಕೆ, ಇಷ್ಟು ಹೊತ್ತು ಸುತ್ತಿ ಬಳಸಿದೆ. ಶುಕ್ರವಾರ ನಾನು ನೀರಿಗೆ ಇಳಿದೇ ಇರಲಿಲ್ಲ, ಅಕ್ಕಾ. ಆ ಬೆಳ್ಳನೆಯ ಹವಳವನ್ನು ಇನ್ನೊಂದು ಬೆಳಿಗ್ಗೆ ನೋಡಲು ನನ್ನಿಂದ ಆಗಲಿಲ್ಲ. ಗುರುವಾರದ ಹಲಗೆಯಲ್ಲಿ ತಾರೀಕು ಮಾತ್ರ ಒರೆಸಿ ಬದಲಾಯಿಸಿದೆ. ನಾಳೆ ವಿಚಾರಣೆಯಲ್ಲಿ ಹೇಳಿಬಿಡುತ್ತೇನೆ, ಕೆಲಸ ಹೋದರೆ ಹೋಗಲಿ. ಅದಕ್ಕೂ ಮೊದಲು ತುತ್ತೂರಿಗೆ ಹೇಳಬೇಕು, ಈಗಲೇ ಹೊರಟಿದ್ದೇನೆ. ನಾಲ್ಕು ದಿನದಿಂದ ಅವನ ಮನೆಗೆ ಊಟ ಒಯ್ಯುತ್ತಿರುವವನು ನಾನೇ. ಹೋದಾಗಲೆಲ್ಲ, "ನೀವೊಬ್ರಾದ್ರೂ ನನ್ನ ಕೈ ಬಿಡ್ಲಿಲ್ವಲ್ಲ" ಅಂತ ಅಳುತ್ತಾನೆ.