ಕೀಳದೆ ಬಿಟ್ಟ ಜೋಳ

ಯಲಬುರ್ಗಾ,
ಫೆಬ್ರುವರಿ ೯, ಭಾನುವಾರ

ಅವ್ವಾ ಸುರೇಖಾ,

ಆರಾಮ ಇದ್ದೀಯಾ? ಆ ಉಪ್ಪುಗಾಳಿಯಲ್ಲಿ ನಿನ್ನ ನೆಗಡಿ ಹೋಯಿತೋ, ಹಾಗೇ ಇದೆಯೋ? ಫೋನು ಮಾಡಿದಾಗಲೆಲ್ಲ ನಿನ್ನ ಮಾವ ಗುರುಬಸವನ ಹತ್ತಿರ "ಅಜ್ಜ ಉಂಡಾನೇನು?" ಎಂದು ಕೇಳಿ ಇಟ್ಟುಬಿಡುತ್ತೀಯಂತೆ. ಉಂಡಿದ್ದೇನೆ. ನನ್ನನ್ನೇ ಕೇಳಿದ್ದರೆ ನಾನೇ ಹೇಳುತ್ತಿದ್ದೆ. ದೋಣಿಯಿಂದ ಇಳಿದು ಬಂದಾಗಿನಿಂದ ಮೈಯಲ್ಲಿ ಕಸುವೇ ಇಲ್ಲ. ಮಲಗಿದರೆ ಮಂಚ ಇನ್ನೂ ತೂಗಿದಂತಾಗುತ್ತದೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವನ ಅಕ್ಷರ ಇದು, ತಿಳಿಯದಿದ್ದರೆ ಎರಡು ಸಲ ಓದು.

ಆ ದೋಣಿಗೆ ನಾನಾಗಿ ಹತ್ತಿದವನಲ್ಲ. ಅಂಡಮಾನಿನ ಕಾಲೇಜಿನಲ್ಲಿ ಪಾಠ ಮಾಡುವ ಮೊಮ್ಮಗಳು ಡಿಸೆಂಬರ್ ರಜೆಯಲ್ಲಿ ಗೆಳೆಯರ ಜೊತೆ ಹಾಯಿದೋಣಿ ಹತ್ತಿ, ದ್ವೀಪದಿಂದ ದ್ವೀಪಕ್ಕೆ ಹೊಸ ಹಕ್ಕಿ ಹುಡುಕುತ್ತ ಹೋಗುತ್ತಾಳೆ ಎಂದರೆ, ಹೋಗಲಿ ಎಂದು ಸುಮ್ಮನಿದ್ದೆ. "ನೀನೂ ಬಾ ಅಜ್ಜಾ, ಸಣ್ಣಾಂವ ಇದ್ದಾಗಿಂದ ಜೋಳದ ಹೊಲದಾಗ ಹಕ್ಕಿ ಕಾದೀ, ನಿನ್ನ ಕಣ್ಣು ನನಗ ಬೇಕು" ಎಂದು ಹಟ ಹಿಡಿದವಳು ನೀನು. ಬಂದೆ. ಎತ್ತ ನೋಡಿದರೂ ನೀರು. ತಿಂದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನೀವೆಲ್ಲ ಕೊರಳಿಗೆ ದುರ್ಬೀನು ಹಾಕಿಕೊಂಡು, ತೊಟ್ಟಿಲ ಕೂಸು ಈಗಷ್ಟೇ ಮಲಗಿದೆಯೇನೋ ಎಂಬಂತೆ ಪಿಸುಗುಟ್ಟುತ್ತಿದ್ದಿರಿ. ಸಿಕ್ಕವೆಲ್ಲ ನೀನು ಮೊದಲೇ ಕಂಡ ಹಕ್ಕಿಗಳೇ. ಮೀನು ಹಿಡಿಯುವ ಹದ್ದು, ಬೆಳ್ಳಕ್ಕಿ, ಮಿಂಚುಳ್ಳಿ. ನಿನಗೆ ಬೇಕಾದದ್ದು ಬೇರೆ. ಮೈಯೆಲ್ಲ ಬಿಳಿ, ಬಾಲದಲ್ಲಿ ದಾರ ಇಳಿಬಿಟ್ಟಂಥ ಎರಡು ಉದ್ದ ಗರಿ, ನೆಲದ ಕಡೆ ಅಪರೂಪಕ್ಕೆ ಬರುವ ಹಕ್ಕಿ. ನೌಕರಿಗೆ ಅಲ್ಲಿಗೆ ಹೋದಾಗಿನಿಂದ ಅದಕ್ಕಾಗಿ ಹಂಬಲಿಸಿದವಳು ನೀನು. ಕೊನೆಯ ದಿನ ಎಲ್ಲರೂ ಆಸೆ ಬಿಟ್ಟಿದ್ದಿರಿ. ದೋಣಿ ನಡೆಸುವ ತಾಹೇರ ಹಾಯಿ ತಿರುಗಿಸಿ ಮರಳಿ ಹೊರಟಿದ್ದ.

ಅದನ್ನು ಮೊದಲು ಕಂಡವನು ನಾನು. ಬಿಸಿಲಿನ ಕಡೆಯಿಂದ ಬಂತು, ಹಾಯಿಕಂಬಕ್ಕೆ ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತಿಗೆ ಕೆಳಗಿಳಿಯಿತು. ಹಕ್ಕಿ ಇಳಿಯುವುದನ್ನು ಕಂಡರೆ ನನ್ನಂಥವನು ಏನು ಮಾಡುತ್ತಾನೆ? ಸಾಲಿ ಬಿಡಿಸಿ ಅಪ್ಪ ನನ್ನನ್ನು ಹೊಲದ ನಡುವೆ ಕಂಬ ನೆಟ್ಟು ಕಟ್ಟಿದ ಮಂಚಿಗೆ ಹತ್ತಿಸಿದ್ದು ಅದಕ್ಕೇ. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಒಂದು ಹಕ್ಕಿ ಕೂತರೆ ಅದರ ಬಳಗವೆಲ್ಲ ಕೂತಿತು. ಕವಣೆ ಬೀಸಬೇಕು, ಗಂಟಲು ಹರಿಯುವ ಹಾಗೆ ಕೂಗಬೇಕು. ದೋಣಿಯಲ್ಲೂ ಅದೇ ಆಯಿತು. ಹೆಗಲ ಮೇಲಿನ ಟವೆಲ್ಲು ಕೈಗೆ ಬಂತು, ಗಿರಗಿರ ತಿರುಗಿತು, "ಹೋ ಹೋ ಹೋಯ್" ಎಂದು ಕೂಗಿಬಿಟ್ಟೆ. ನೀನು ದುರ್ಬೀನು ಎತ್ತುವಷ್ಟರಲ್ಲಿ ಹಕ್ಕಿ ಮುಗಿಲಲ್ಲಿ ಕರಗಿತ್ತು. ನಿನ್ನ ಗೆಳೆಯರು ತಲೆ ಮೇಲೆ ಕೈ ಹೊತ್ತರು. ತಾಹೇರ ನಕ್ಕ. ನೀನು ನಗಲಿಲ್ಲ, ಬೈಯಲೂ ಇಲ್ಲ. "ಅಜ್ಜಾ, ಇದು ಹೊಲ ಅಲ್ಲ" ಎಂದಿ, ಅಷ್ಟೇ. ವಿಮಾನದ ಹತ್ತಿರ ಬಿಡುವಾಗಲೂ ನೀನು ಚೀಲ ನನ್ನ ಕೈಗೆ ಕೊಟ್ಟಿ, ಮಾತು ಆಡಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ಮನೆಯಲ್ಲಿ ಜಗಳ ಮುಗಿಯುವುದೇ ಹಾಗೆ.

ಊರಿಗೆ ಬಂದ ಮೇಲೆ ಗುರುಬಸವ "ಅಪ್ಪಾ, ನಿನ್ನ ಬಾಯಿ ಇನ್ನೂ ಗಟ್ಟಿ ಐತಿ, ಹೋಗಿ ಕುಂದರು" ಎಂದು ಮಂಚಿಗೆ ಅಟ್ಟಿದ. ಹತ್ತಿ ಕೂತೆ. ಹಕ್ಕಿಗಳು ಬಂದವು. ಟವೆಲ್ಲು ಎತ್ತಿದೆ, ಕೂಗದೆ ಮತ್ತೆ ಹೆಗಲಿಗೆ ಹಾಕಿಕೊಂಡೆ. ಅವು ತಿನ್ನುತ್ತಿದ್ದವು, ನಾನು ನೋಡುತ್ತಿದ್ದೆ. ಇಷ್ಟು ವರ್ಷ ಓಡಿಸಿದೆನಲ್ಲ, ಒಂದರ ಮುಖವನ್ನೂ ನೆಟ್ಟಗೆ ನೋಡಿದವನಲ್ಲ. ಸಂಜೆ ಬಂದ ಗುರುಬಸವ ಬರೀ ಹೊಟ್ಟು ಉಳಿದ ತೆನೆ ಹಿಡಿದು, "ಹಕ್ಕಿ ಹೊಡಿಯಾಕ ಕುಂತೀಯೋ, ಬೀಗರಿಗೆ ಊಟ ಬಡಸಾಕ ಕುಂತೀಯೋ?" ಎಂದು ಕೂಗಾಡಿದ. ನಿನ್ನ ಅತ್ತೆ ಹುಲಿಗವ್ವ "ಮಾವಾರು ದೋಣಿ ಹತ್ತಿ ಬಂದು ಸಾಧು ಆಗ್ಯಾರ ಬಿಡ್ರಿ" ಎಂದು ನಕ್ಕಳು. ಇಬ್ಬರಿಗೂ ಚೆನ್ನಾಗಿ ಬೈದೆ. ಬೈದ ಮೇಲೆ ದಣಿವು ಇನ್ನೂ ಹೆಚ್ಚಾಯಿತು. ಈ ಸಲ ಸೀತನಿ ಸುಟ್ಟಾಗ ನಿನ್ನ ಪಾಲಿನದು ತಟ್ಟೆಯಲ್ಲೇ ಆರಿತು. ಎಳೆಯ ಜೋಳ ಆರಿದರೆ ರುಚಿ ಎಲ್ಲಿ ಉಳಿಯುತ್ತದೆ?

ಇನ್ನು ಬರೆಯಲು ಕೈ ಏಳುವುದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ಹೋದ ಕಡೆಯೆಲ್ಲ ನಿನಗೆ ಒಳ್ಳೆಯವರೇ ಸಿಗಲಿ, ನಿನ್ನ ಹೊಟ್ಟೆ ತಣ್ಣಗಿರಲಿ. ಆ ತಾಹೇರನಿಗೂ ನಾನು ಕೇಳಿದೆನೆಂದು ಹೇಳು.

ನಿನ್ನ ಅಜ್ಜ,
ಕಳಕಪ್ಪ

ತಾ.ಕ.: ನಾಳೆ ಜೋಳ ಕೀಳಲು ಆಳುಗಳು ಬರುತ್ತಾರೆ. ಬನ್ನಿಗಿಡದ ಕಡೆಯ ಮೂಲೆಗೆ ಕೈ ಹಚ್ಚಬಾರದೆಂದು ಗುರುಬಸವನಿಗೆ ಹೇಳಿದ್ದೇನೆ. ಗೊಣಗಿದ, ಒಪ್ಪಿದ. ಅಲ್ಲಿಗೆ ಒಂದು ಹಕ್ಕಿ ಬರುತ್ತದೆ. ಎದೆ ಹಳದಿ, ತಲೆಗೆ ಇಟ್ಟಿಗೆ ಪುಡಿ ಮೆತ್ತಿದ ಹಾಗೆ. ನಿನಗೆ ಹೊಸದೋ ಹಳೆಯದೋ ನನಗೆ ತಿಳಿಯದು, ನನಗಂತೂ ಹೊಸದು. ಕಾಳು ಉದುರುವುದರೊಳಗೆ ಬಾ. ನೀನು ನೋಡುವ ತನಕ ನಾನು ಬಾಯಿ ತೆರೆಯುವುದಿಲ್ಲ. ಬೈಯುವುದಿದ್ದರೆ, ಅದು ತಾನಾಗಿ ಹಾರಿಹೋದ ಮೇಲೆ ಬೈ.