ಕೊನೆಯ ಪುಟಗಳಿಗೆ ಪಿನ್ನು

೧೪ ಜುಲೈ ೨೦೨೫, ಸೋಮವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಬೈಲಹೊಂಗಲ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯ ಭೀಮಶಿ ನನ್ನ ಹೊಸ ಕಾದಂಬರಿಯ ಕೊನೆಯ ಪುಟಗಳಿಗೂ ಸ್ಟೇಪ್ಲರ್ ಪಿನ್ನು ಹೊಡೆದಿಟ್ಟಿದ್ದಾನೆ. ನನ್ನ ಪತ್ತೇದಾರಿ ಪುಸ್ತಕಗಳಿಗೆ ಹೊಡೆಯುತ್ತಿದ್ದ, ಸುಮ್ಮನಿದ್ದೆ. ಬಸ್ಸಿಗೆ ಕಾಯುವವರು ಕೊಲೆಗಾರ ಯಾರೆಂದು ನಿಂತಲ್ಲೇ ನೋಡಿಕೊಂಡು ಪುಸ್ತಕ ಇಟ್ಟು ಹೋಗುತ್ತಿದ್ದರು. ಆದರೆ ಇದು ಗಂಡ ಹೆಂಡಿರ ಕಥೆ! ಇಷ್ಟು ವರ್ಷ ಹೆಣ ಬೀಳಿಸಿ ಬೀಳಿಸಿ ಸಾಕಾಗಿ, ನಾನೇ ಖರ್ಚು ಹಾಕಿ ಅಚ್ಚು ಹಾಕಿಸಿದ್ದು.

"ಭೀಮಶಿ, ಇದರಾಗ ಕೊಲಿನ ಇಲ್ಲೋ" ಅಂದೆ.

"ಹಂಗಂತ ಮಂದಿ ಮುಂದ ಹೇಳಬ್ಯಾಡ್ರಿ ಅಕ್ಕಾರ, ಯಾರೂ ತಗೊಳ್ಳೂದಿಲ್ಲ" ಅಂದ.

ಆಮೇಲೆ ಒಂದು ಪ್ರತಿ ನನ್ನ ಕೈಗಿಟ್ಟ. ಸುರೇಬಾನದ ಮಾಸ್ತರರೊಬ್ಬರು ವಾಪಸು ಕೊಟ್ಟರಂತೆ. "ಕಡೀತನಕ ಓದೇನಿ, ಯಾರೂ ಸಾಯಲಿಲ್ಲ" ಅಂದರಂತೆ. ಕಡೆಯತನಕವಂತೆ! ಪ್ರತಿ ನನ್ನ ಮುಂದೆಯೇ ಇದೆ, ಪಿನ್ನು ಅಲುಗಿಲ್ಲ. ಇಡೀ ಪುಸ್ತಕ ಸುಮ್ಮನಿದ್ದ ಹೆಂಡತಿ ಬಾಯಿ ಬಿಡುವುದೇ ಆ ಪುಟಗಳಲ್ಲಿ. ಅವಳ ಬಾಯಿಗೇ ಪಿನ್ನು.

ಆಗಲಿ. ಮುಂದಿನ ಪುಸ್ತಕದ ಮೊದಲ ಸಾಲಿನಲ್ಲೇ ಒಬ್ಬ ಪುಸ್ತಕದಂಗಡಿಯವನು ಸಾಯುತ್ತಾನೆ. ಕೊಂದವಳು ಯಾರೆಂದೂ ಅಲ್ಲೇ ಬರೆಯುತ್ತೇನೆ. ಎಲ್ಲಿ ಪಿನ್ನು ಹೊಡೆಯುತ್ತಾನೋ ಹೊಡೆಯಲಿ.